ವಚನಪಿತಾಮಹ ಹಳಕಟ್ಟಿಯವರೂ ಅವರ ಶಿವಾನುಭವ ಪತ್ರಿಕೆಯೂ

ಹಗೇವಿನ ತುಂಬ ಜೋಳವಿದ್ದೂ ಅದರ ಬಾಯಿ ತೆರೆಯುವ ಬಗೆಯನ್ನು ಮರೆತು ಮನೆಮಂದಿಯೆಲ್ಲ ಹಸಿದು ಮಲಗಿದರೆ ಅದಕ್ಕಿಂತ ಮರುಕದ ಸಂಗತಿ ಮತ್ತೊಂದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ನಾಡಿನ ಶರಣಸಮಾಜದ ಸ್ಥಿತಿಯು ಇದೇ ತೆರನಾಗಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶಿವಶರಣರು ತಮ್ಮ ಅನುಭಾವವನ್ನು ತಾಯ್ನುಡಿಯಲ್ಲಿ ಲೋಕಕ್ಕೆ ಸಾರಿದ್ದರು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಚೆದುರಿಹೋಗಿದ್ದ ಆ ವಚನಗಳನ್ನು ಅರಸಿ ತಂದು, ತಾಡೋಲೆಗಳ ಮೇಲೆ ಬರೆದು, ಕಟ್ಟುಗಳಾಗಿ ಜೋಡಿಸಿ ಕಾಪಾಡಿದ್ದರು. ಅದರ ತರುವಾಯ ಕಾಲಕ್ರಮದಲ್ಲಿ ಆ ಕಟ್ಟುಗಳು ಮಠಗಳ ಗೂಡುಗಳನ್ನೂ ಭಕ್ತರ ಮನೆಯ ಜಗಲಿಗಳನ್ನೂ ಸೇರಿದುವು. ಹಬ್ಬ ಬಂದರೆ ಅವುಗಳಿಗೆ ವಿಭೂತಿ ಹಚ್ಚಿ ಪತ್ರೆ ಪುಷ್ಪಗಳನ್ನು ಏರಿಸುವವರಿದ್ದರು. ಅವುಗಳನ್ನು ಬಿಚ್ಚಿ ಓದುವವರು ವಿರಳವಾದರು. ಪೂಜೆಯು ನಡೆಯುತ್ತಲೇ ಇದ್ದಿತು, ಗೆದ್ದಲಿನ ಕೆಲಸವೂ ನಡೆಯುತ್ತಲೇ ಇದ್ದಿತು.

ಇಂತಹ ಕಾಲದಲ್ಲಿ ಆ ಕಟ್ಟುಗಳ ದಾರವನ್ನು ಬಿಚ್ಚಿ, ಒಳಗಿದ್ದುದನ್ನು ಅಚ್ಚಿನ ಅಕ್ಷರಗಳಲ್ಲಿ ಮನೆಮನೆಗೆ ಮುಟ್ಟಿಸಿದ ಮಹನೀಯರೇ ಡಾಕ್ಟರ್ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರು ಮಠಾಧಿಪತಿಗಳಲ್ಲ, ಪಂಡಿತರ ಪರಂಪರೆಯಲ್ಲಿ ಓದಿದ ಶಾಸ್ತ್ರಿಗಳಲ್ಲ, ಕಾಲೇಜಿನ ಅಧ್ಯಾಪಕರೂ ಅಲ್ಲ. ವೃತ್ತಿಯಿಂದ ವಕೀಲರು, ಸಂಸಾರಸ್ಥರು. ಪುರಾತನರ ಸಾಹಿತ್ಯದ ಶೋಧನೆಯು ಅವರಿಗೆ ಯಾರೂ ಒಪ್ಪಿಸಿದ ಕೆಲಸವಾಗಿರಲಿಲ್ಲ. ತಾವಾಗಿಯೇ ಹೊತ್ತುಕೊಂಡ ಈ ಹವ್ಯಾಸಕ್ಕೆ ಅವರು ತಮ್ಮ ಆಯುಷ್ಯವನ್ನೂ ಗಳಿಕೆಯನ್ನೂ ಕೊನೆಗೆ ಇದ್ದ ಮನೆಯನ್ನೂ ಅರ್ಪಿಸಿದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಮತ್ತು ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿ ದಾನಮ್ಮನವರು. ಆ ಕಾಲದಲ್ಲಿ ಧಾರವಾಡವು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು, ಅಲ್ಲಿಯ ಕಚೇರಿ ಪಾಠಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಹೆಚ್ಚಾಗಿದ್ದಿತು. ಅಂತಹ ದಿನಗಳಲ್ಲಿ ಕನ್ನಡದಲ್ಲಿ ಓದಿ ಬರೆಯುವ ತಂದೆಯ ಮಗನಾಗಿ ಬೆಳೆದುದು ಬಾಲಕನ ಪಾಲಿಗೆ ದೊಡ್ಡ ಭಾಗ್ಯವೇ ಆಯಿತು. 1890ರಲ್ಲಿ ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದಾಗ ಅವರಿಗೆ ಹತ್ತು ವರ್ಷ. ಕನ್ನಡದ ಏಳ್ಗೆಯ ಮಾತು ಕಿವಿಗೆ ಬೀಳುತ್ತಿದ್ದ ಊರಿನಲ್ಲಿಯೇ ಅವರ ಶಾಲಾಭ್ಯಾಸವು ನಡೆಯಿತು.

1896ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಅವರು ಉಚ್ಚ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿದರು. ಅಲ್ಲಿ ಅವರು ಆರಿಸಿಕೊಂಡುದು ಭೌತಿಕ ವಿಜ್ಞಾನವನ್ನು. ವಿಜ್ಞಾನದ ಪದವಿಯನ್ನು ಪಡೆದ ಮೇಲೆ 1904ರಲ್ಲಿ ಕಾನೂನಿನ ಪದವಿಯನ್ನೂ ಗಳಿಸಿದರು. ಮುಂದೆ ಕರ್ನಾಟಕದ ಕುಲಪುರೋಹಿತರೆಂದು ಹೆಸರಾದ ಆಲೂರು ವೆಂಕಟರಾಯರ ಒಡನಾಟವು ಆ ಮಹಾನಗರದಲ್ಲಿಯೇ ಅವರಿಗೆ ದೊರೆಯಿತು. ಮರಾಠಿಗರೂ ಗುಜರಾತಿಗಳೂ ತಮ್ಮ ಪುರಾತನ ಸಾಹಿತ್ಯವನ್ನು ಅಚ್ಚು ಹಾಕಿ, ಪತ್ರಿಕೆಗಳನ್ನು ನಡೆಸಿ, ನುಡಿಯನ್ನು ಬೆಳೆಯಿಸುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ತಮ್ಮ ನಾಡಿನಲ್ಲಿ ಅಂತಹುದಿಲ್ಲವೆಂಬ ಕೊರಗು ಆಗಲೇ ಅವರ ಮನಸ್ಸಿನಲ್ಲಿ ಬೇರೂರಿತು.

ವಿಜ್ಞಾನದ ಅಭ್ಯಾಸವೂ ಕಾನೂನಿನ ಅಭ್ಯಾಸವೂ ಮುಂದೆ ಅವರ ಶೋಧನೆಗೆ ಎರಡು ಕಣ್ಣುಗಳಾದುವು. ನೋಡದೆ ನಂಬಬಾರದೆಂಬುದನ್ನು ಮೊದಲನೆಯದು ಕಲಿಸಿತ್ತು. ಸಾಕ್ಷಿಯಿಲ್ಲದ ಮಾತು ನಿಲ್ಲದೆಂಬುದನ್ನು ಎರಡನೆಯದು ಕಲಿಸಿತ್ತು. ಓಲೆಯೊಂದನ್ನು ಕೈಯಲ್ಲಿ ಹಿಡಿದಾಗ ಅದರಲ್ಲಿರುವುದು ಯಾರ ವಚನ, ಯಾವ ಕಾಲದ ಪ್ರತಿ, ಬೇರೆ ಕಟ್ಟಿನಲ್ಲಿ ಅದು ಹೇಗಿದೆ ಎಂದು ವಿಚಾರಿಸುವ ಬುದ್ಧಿಯು ಅವರಿಗೆ ಈ ಅಭ್ಯಾಸದಿಂದಲೇ ಬಂದಿತು.

ತಾಡೋಲೆಗಳ ದರ್ಶನ

ಕಾನೂನು ಪದವಿಯ ಬಳಿಕ ಹಳಕಟ್ಟಿಯವರು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ಬಿಜಾಪುರಕ್ಕೆ ಬಂದು ನೆಲೆಸಿದರು. 2014ರಿಂದ ವಿಜಯಪುರವೆಂಬ ಹೆಸರನ್ನು ಹೊಂದಿರುವ ಆ ಊರೇ ಅವರ ಕೊನೆಯವರೆಗಿನ ಕಾಯಕಭೂಮಿಯಾಯಿತು. ಬುದ್ಧಿಯು ಚುರುಕಾಗಿದ್ದುದರಿಂದಲೂ ನಡತೆಯು ಶುದ್ಧವಾಗಿದ್ದುದರಿಂದಲೂ ವೃತ್ತಿಯಲ್ಲಿ ಹೆಸರು ಬಂದಿತು; ಸರಕಾರಿ ವಕೀಲರ ಹುದ್ದೆಯೂ ದೊರೆಯಿತು. ಇದೇ ದಾರಿಯಲ್ಲಿ ನಡೆದಿದ್ದರೆ ಹಣಕ್ಕೂ ಹೊಲಮನೆಗಳಿಗೂ ಕೊರತೆಯಿರುತ್ತಿರಲಿಲ್ಲ.

ಆದರೆ ಅವರನ್ನು ಬೇರೊಂದು ದಾರಿಗೆ ಎಳೆಯುವ ಘಟನೆಯು ವಕೀಲಿಯ ಆರಂಭದ ಕಾಲದ ಸುಮಾರಿಗೇ ಸಂಭವಿಸಿದ್ದಿತು. ಕೃಷ್ಣಾತೀರದ ಸೀಮೆಯಲ್ಲಿ ನೇಕಾರರ ಊರೆಂದು ಹೆಸರಾದ ಬನಹಟ್ಟಿಗೆ ಅವರು ಹೋಗಿದ್ದಾಗ, ಅಲ್ಲಿಯ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ಕೆಲವು ತಾಡೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುವು. ಬಿಚ್ಚಿ ನೋಡಿದರೆ ಒಳಗೆ ಶಿವಶರಣರ ವಚನಗಳು! ಪುರಾಣ ಕಾವ್ಯಗಳಲ್ಲಿ ಶರಣರ ಪವಾಡಗಳನ್ನು ಕೇಳಿ ಬೆಳೆದಿದ್ದ ಅವರಿಗೆ, ಆ ಶರಣರು ತಾವೇ ಆಡಿದ ಮಾತು ಎದುರಿಗೆ ನಿಂತಂತಾಯಿತು. ಅಂದಿನಿಂದ ಅವರ ಮನಸ್ಸು ನ್ಯಾಯಾಲಯದ ಕಾಗದಗಳಲ್ಲಿ ಪೂರ್ಣವಾಗಿ ನಿಲ್ಲಲಿಲ್ಲ.

ಓಲೆಯ ಕಟ್ಟನ್ನು ಓದುವುದೆಂದರೆ ಸಾಮಾನ್ಯ ಕೆಲಸವಲ್ಲ. ಉಕ್ಕಿನ ಕಂಠದಿಂದ ಗರಿಯ ಮೇಲೆ ಕೊರೆದ ಅಕ್ಷರಗಳು ಮಸಿಯನ್ನು ಸವರಿದ ಹೊರತು ಎದ್ದು ಕಾಣುವುದಿಲ್ಲ. ಪದಪದಗಳ ನಡುವೆ ಬಿಡುವಿಲ್ಲ. ವಾಕ್ಯವು ಎಲ್ಲಿ ಮುಗಿಯಿತೆಂಬುದಕ್ಕೆ ಗುರುತಿಲ್ಲ. ಗದ್ಯವೋ ಪದ್ಯವೋ ಎಂಬುದನ್ನೂ ಓದುವವನೇ ತಿಳಿಯಬೇಕು. ಅಂಚು ಮುರಿದ ಗರಿಗಳು, ಹುಳು ತಿಂದ ತೂತುಗಳು, ದಾರ ಹರಿದು ಹಿಂದುಮುಂದಾದ ಪುಟಗಳು ಎಷ್ಟೋ. ಪ್ರತಿ ಮಾಡಿದವರ ಕೈತಪ್ಪುಗಳು ಬೇರೆ. ಈ ಎಲ್ಲ ತೊಡಕುಗಳ ನಡುವೆ ಶೋಧಕನಿಗೆ ದಾರಿ ತೋರುವ ದೀಪವೊಂದು ವಚನಗಳಲ್ಲಿಯೇ ಇದ್ದಿತು, ಅದೇ ಅಂಕಿತ. ಕೂಡಲಸಂಗಮದೇವನ ಅಂಕಿತವು ಬಸವಣ್ಣನವರದು, ಗುಹೇಶ್ವರನದು ಅಲ್ಲಮಪ್ರಭುದೇವರದು, ಚೆನ್ನಮಲ್ಲಿಕಾರ್ಜುನನದು ಮಹಾದೇವಿಯಕ್ಕನದು, ರಾಮನಾಥನದು ದೇವರ ದಾಸಿಮಯ್ಯನವರದು. ಹೆಸರಾದ ಶರಣರ ಮಟ್ಟಿಗೆ ಇದು ಸುಲಭವಾದರೂ, ಹೆಸರೇ ಕೇಳರಿಯದ ಅಂಕಿತಗಳು ನೂರಾರು ಇದ್ದುವು. ಯಾವ ಅಂಕಿತವು ಯಾವ ಶರಣನದು, ಆತನ ಊರು ಕಾಯಕಗಳೇನು ಎಂಬುದನ್ನು ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ ಹೋಲಿಸುತ್ತ, ಪುರಾಣಗಳ ಹೇಳಿಕೆಯನ್ನು ಒರೆಗೆ ಹಚ್ಚುತ್ತ ಅವರು ಪತ್ತೆ ಮಾಡಿದರು. ಅವರಿಗಿಂತ ಮೊದಲು ವಿದ್ವಾಂಸರಿಗೆ ಗೊತ್ತಿದ್ದ ವಚನಕಾರರು ಸುಮಾರು 50 ಜನರು. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆಯು 250ಕ್ಕೆ ಏರಿತು.

ಕಟ್ಟುಗಳನ್ನು ಕೂಡಿಸುವುದಕ್ಕಾಗಿ ಅವರು ಊರೂರು ತಿರುಗಿದರು. ಮಠಗಳಿಗೆ ಹೋಗಿ ಪೂಜ್ಯರ ಎದುರಿಗೆ ಕೈಮುಗಿದು ನಿಂತರು. ಭಕ್ತರ ಮನೆಗಳ ಬಾಗಿಲು ತಟ್ಟಿದರು. ಕೊಡುವವರ ಮನಸ್ಸಿನ ಅಂಜಿಕೆಯೂ ಸಹಜವಾದುದೇ. ತಲೆಮಾರುಗಳಿಂದ ಜಗಲಿಯ ಮೇಲಿರುವ ವಸ್ತುವನ್ನು ಹೊರಗೆ ಕಳಿಸಿದರೆ ಮನೆಯ ದೇವರನ್ನೇ ಕಳಿಸಿದಂತಾಗುವುದೆಂದು ಅಂಜುವ ಮನೆಗಳಲ್ಲಿ ವಾದಕ್ಕೆ ಎಡೆಯಿರಲಿಲ್ಲ, ತಾಳ್ಮೆಯೊಂದೇ ಸಾಧನವಾಗಿದ್ದಿತು. ಹೀಗೆ 1920ರ ಸುಮಾರಿಗೆ ಅವರ ಸಂಗ್ರಹದಲ್ಲಿ ಸಾವಿರಕ್ಕೂ ಮಿಕ್ಕಿದ ತಾಡೋಲೆಯ ಗ್ರಂಥಗಳು ಸೇರಿದ್ದುವು.

ವಚನಶಾಸ್ತ್ರಸಾರದ ಮುದ್ರಣ

ಕೂಡಿಸಿದ್ದನ್ನು ಪೆಟ್ಟಿಗೆಯಲ್ಲಿ ಇಟ್ಟರೆ ಗೂಡಿನಿಂದ ಗೂಡಿಗೆ ಸಾಗಿಸಿದಂತಾಗುವುದೇ ಹೊರತು ಬೇರೇನೂ ಅಲ್ಲವೆಂದು ಅವರು ಅರಿತಿದ್ದರು. ಆದಕಾರಣ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಗೊಳಿಸಿದರು. ಭಕ್ತಿಯ ಸ್ವರೂಪವೇನು, ಗುರು ಲಿಂಗ ಜಂಗಮಗಳ ತತ್ತ್ವವೇನು, ಷಟ್‌ಸ್ಥಲಗಳ ಕ್ರಮವೇನು ಎಂದು ಕೇಳುವ ಸಾಮಾನ್ಯ ಓದುಗನಿಗೆ ಆಯಾ ವಿಷಯದ ಕೆಳಗೆ ಅನೇಕ ಶರಣರ ವಚನಗಳು ಒಟ್ಟಿಗೆ ದೊರೆಯುವಂತೆ ಆ ಗ್ರಂಥವನ್ನು ರಚಿಸಲಾಗಿದ್ದಿತು. ಅವರಿಗಿಂತ ಮೊದಲು ಮೈಸೂರು ಸೀಮೆಯಲ್ಲಿಯೂ ಇತರೆಡೆಯಲ್ಲಿಯೂ ಕೆಲವು ವೀರಶೈವ ಗ್ರಂಥಗಳು ಅಚ್ಚಾಗಿದ್ದುದುಂಟು. ಆದರೆ ಅಸಂಖ್ಯ ಶರಣರ ವಚನಗಳನ್ನು ಒಂದೆಡೆಗೆ ತಂದು, ಅದರಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂದು ತೋರಿಸಿದ ಯತ್ನವು ಅವರದೇ.

ಗ್ರಂಥವು ಸಿದ್ಧವಾಯಿತು, ಮುದ್ರಣಕ್ಕೆ ಮಾತ್ರ ವಿಘ್ನವು ಬಂದಿತು. ಕರಾವಳಿಯ ಹೆಸರಾದ ಮುದ್ರಣಾಲಯವೊಂದಕ್ಕೆ ಕಳಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿ ಬಂದಿತು. ವರ್ಷಗಟ್ಟಲೆ ಹಗಲಿರುಳು ದುಡಿದು ಬರೆದ ಕಾಗದಗಳ ಗಂಟು ತಿರುಗಿ ಮನೆಯ ಬಾಗಿಲಿಗೆ ಬಂದಾಗ ಮತ್ತೊಬ್ಬರಾಗಿದ್ದರೆ ಅದನ್ನು ಕಟ್ಟಿಡುತ್ತಿದ್ದರು. ಹಳಕಟ್ಟಿಯವರು ಹಾಗೆ ಮಾಡಲಿಲ್ಲ. ಬೆಳಗಾವಿಯಲ್ಲಿ ಬೇರೆ ಮುದ್ರಕರನ್ನು ಹುಡುಕಿ, ಖರ್ಚಿನ ಹೊಣೆಯನ್ನು ತಾವೇ ಹೊತ್ತು, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು. ಇದಕ್ಕೂ ಮುಂಚೆ 1922ರಲ್ಲಿ ಬಸವಣ್ಣನವರ ವಚನಗಳಿಗೆ ಅವರು ಮಾಡಿದ ಇಂಗ್ಲಿಷ್ ಅನುವಾದವು ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರಕಟವಾಗಿದ್ದಿತು. ಹೀಗೆ ಶರಣರ ವಾಣಿಯು ಕನ್ನಡದ ಗಡಿಯನ್ನು ದಾಟಿ ಹೊರಗಿನ ವಿದ್ವಾಂಸರ ಬಳಿಗೂ ಮುಟ್ಟಿತು.

ಹಿಂದಿರುಗಿ ಬಂದ ಆ ಗಂಟು ಅವರಿಗೆ ಒಂದು ಪಾಠವನ್ನು ಕಲಿಸಿತು. ಪರರ ಅಚ್ಚುಕೂಟವನ್ನು ನಂಬಿ ಕುಳಿತರೆ ಶರಣರ ಸಾಹಿತ್ಯವು ಬೆಳಕು ಕಾಣುವ ಹೊತ್ತಿಗೆ ಓಲೆಗಳು ಹುಡಿಯಾಗುವುವು. ಆದುದರಿಂದ 1925ರಲ್ಲಿ ಅವರು ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮೊಳೆಗಳನ್ನು ಕೊಳ್ಳಬೇಕು, ಯಂತ್ರವನ್ನು ತರಬೇಕು, ಆಳುಗಳಿಗೆ ಸಂಬಳ ಕೊಡಬೇಕು. ಇದಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಊರಿನ ಪ್ರತಿಷ್ಠಿತ ವಕೀಲರು ಬಾಡಿಗೆಯ ಮನೆಯಲ್ಲಿ ಬಾಳತೊಡಗಿದರು. ಪತ್ನಿ ಭಾಗೀರಥಿಯವರು ಆ ಸಂಸಾರದ ಭಾರವನ್ನು ಹೊತ್ತರು. ಪತಿಯ ಕೀರ್ತಿಯನ್ನು ಹಾಡುವ ನಾಡು ಆ ಸಾಧ್ವಿಯ ತ್ಯಾಗವನ್ನೂ ಮರೆಯಲಾಗದು. ಏಕೆಂದರೆ ಮಾರಿದ ಮನೆಯು ಒಬ್ಬರದಾಗಿರಲಿಲ್ಲ.

ಶಿವಾನುಭವ ಪತ್ರಿಕೆ

ಮುದ್ರಣಾಲಯವು ನಿಂತ ಮರುವರ್ಷ, ಅಂದರೆ 1926ರಲ್ಲಿ, ಹಳಕಟ್ಟಿಯವರು ಶಿವಾನುಭವ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮೊದಲು ಮೂರು ತಿಂಗಳಿಗೊಮ್ಮೆ ಹೊರಟು ಬಳಿಕ ಮಾಸಪತ್ರಿಕೆಯಾಗಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಅದು ನಡೆಯಿತು. ಅವರ ಜೀವಿತದ ಕಾರ್ಯಗಳಲ್ಲೆಲ್ಲ ಇದೇ ಮುಖ್ಯವಾದುದೆಂದು ಹೇಳಬಹುದು. ಗ್ರಂಥಗಳನ್ನು ಅಚ್ಚು ಹಾಕುವ ಶಕ್ತಿಯಿದ್ದಾಗ ಪತ್ರಿಕೆಯ ತೊಡಕು ಏಕೆ ಬೇಕಾಯಿತೆಂದು ಕೆಲವರಿಗೆ ತೋರಬಹುದು. ಅದಕ್ಕೆ ಕಾರಣಗಳಿದ್ದುವು.

ದೊಡ್ಡ ಗ್ರಂಥವೊಂದು ಪೂರ್ಣವಾಗಿ ಸಿದ್ಧವಾಗುವುದಕ್ಕೆ ವರ್ಷಗಳು ಬೇಕು. ಅದಕ್ಕೆ ತಗಲುವ ಹಣವನ್ನು ಒಮ್ಮೆಲೆ ಕೂಡಿಸುವುದು ಕಷ್ಟ. ಕೊಳ್ಳುವ ಬಡ ಭಕ್ತನಿಗೂ ಅದರ ಬೆಲೆಯು ಭಾರ. ಪತ್ರಿಕೆಯಾದರೋ ಸಿಕ್ಕಷ್ಟನ್ನು ಸಿಕ್ಕಾಗ ಪ್ರಕಟಿಸಬಲ್ಲುದು. ಇಂದು ಓದಿದ ಓಲೆಯು ಮುಂದಿನ ಸಂಚಿಕೆಯಲ್ಲಿ ಅಚ್ಚಾದರೆ, ಮೂಲವು ನಾಳೆ ಹುಳುವಿನ ಪಾಲಾದರೂ ಮಾತು ಉಳಿಯುವುದು. ಇದಕ್ಕಿಂತ ಹೆಚ್ಚಿನದು ಮತ್ತೊಂದುಂಟು. ಒಂದು ಕಟ್ಟಿನ ಪಾಠವು ತಪ್ಪೋ ಸರಿಯೋ ಎಂಬುದು ಇನ್ನೊಂದು ಕಟ್ಟನ್ನು ನೋಡಿದ ಹೊರತು ತಿಳಿಯದು. ಆ ಇನ್ನೊಂದು ಕಟ್ಟು ಯಾವ ಹಳ್ಳಿಯ ಯಾವ ಜಗಲಿಯ ಮೇಲಿದೆಯೋ ಯಾರು ಬಲ್ಲರು? ಒಂಟಿಯಾಗಿ ಊರೂರು ತಿರುಗುವ ಮನುಷ್ಯನು ಎಷ್ಟು ಬಾಗಿಲುಗಳನ್ನು ತಟ್ಟಿಯಾನು? ಪತ್ರಿಕೆಯು ಟಪಾಲಿನ ಚೀಲದಲ್ಲಿ ಕುಳಿತು ಆತನು ಹೋಗಲಾರದ ಊರುಗಳಿಗೂ ಹೋಗುತ್ತದೆ. ಅಚ್ಚಾದ ವಚನವನ್ನು ಓದಿದ ಭಕ್ತನಿಗೆ ತನ್ನ ಮನೆಯ ಕಟ್ಟು ನೆನಪಾಗುತ್ತದೆ. ಪೂಜಿಸುತ್ತಿದ್ದ ಕಟ್ಟಿನೊಳಗೆ ಏನಿದೆಯೆಂದು ನೋಡುವ ಮನಸ್ಸಾಗುತ್ತದೆ. ಹೀಗೆ ಪುರಾತನ ಚರಿತ್ರೆಯ ಶೋಧನೆಯು ಕೆಲವೇ ಪಂಡಿತರ ಸ್ವತ್ತಾಗಿ ಉಳಿಯದೆ, ಅಕ್ಷರ ಬಲ್ಲ ಭಕ್ತರೆಲ್ಲರೂ ಕೈಗೂಡಿಸಬಹುದಾದ ಕಾಯಕವಾಯಿತು.

ಶಿವಾನುಭವದ ಪುಟಗಳಲ್ಲಿ ವಚನಗಳ ಮೂಲಪಾಠಗಳು, ಶರಣರ ಚರಿತ್ರೆಗಳು, ವೀರಶೈವ ತತ್ತ್ವದ ವಿಚಾರಗಳು, ಹಳೆಯ ಕಾವ್ಯಗಳು ಸಂಚಿಕೆಯಿಂದ ಸಂಚಿಕೆಗೆ ಹರಿದು ಬಂದುವು. ಬಿಡಿಬಿಡಿಯಾಗಿ ಬಂದುದು ಬಳಿಕ ಗ್ರಂಥರೂಪವನ್ನು ತಾಳಿತು. ಬಸವಣ್ಣನವರ, ಪ್ರಭುದೇವರ, ಮಹಾದೇವಿಯಕ್ಕನ, ದೇವರ ದಾಸಿಮಯ್ಯನವರ ವಚನಗಳು ಬೇರೆ ಬೇರೆ ಪುಸ್ತಕಗಳಾಗಿ ಹೊರಬಂದುವು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯು 1930ರಲ್ಲಿ ಬೆಳಕನ್ನು ಕಂಡಿತು. ಹರಿಹರ ಮಹಾಕವಿಯ ರಗಳೆಗಳು ಒಂದೊಂದಾಗಿ ಅಚ್ಚಾಗಿ, ಶರಣರ ಕಾಲಕ್ಕೆ ಹತ್ತಿರನಾದ ಕವಿಯು ಅವರನ್ನು ಹೇಗೆ ಕಂಡನೆಂಬುದು ನಾಡಿಗೆ ತಿಳಿಯಿತು. ಶಿವಶರಣೆಯರ ಚರಿತ್ರೆಗಳನ್ನೂ ಅಮರಗಣಾಧೀಶ್ವರರ ಚರಿತ್ರೆಗಳನ್ನೂ ಅವರು ಬರೆದರು. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ದನ ಕಾಯುವವರು ಮುಂತಾದ ಕಾಯಕಜೀವಿಗಳೂ ಅನುಭಾವದ ಮಾತನ್ನು ಆಡಿದವರೆಂಬ ಸತ್ಯವು ಪವಾಡಕಥೆಗಳ ಮರೆಯಿಂದ ಹೊರಬಂದುದು ಈ ಪುಟಗಳಿಂದಲೇ.

ಪತ್ರಿಕೆಯನ್ನು ನಡೆಸಿದ ಬಗೆಯನ್ನು ನೆನೆದರೆ ಕಣ್ಣು ತೇವವಾಗುತ್ತದೆ. ಓಲೆಯನ್ನು ಓದುವವರೂ ಅವರೇ, ಪ್ರತಿ ಮಾಡುವವರೂ ಅವರೇ, ಕರಡನ್ನು ತಿದ್ದುವವರೂ ಅವರೇ. ಅಚ್ಚಾದ ಸಂಚಿಕೆಗಳ ಕಟ್ಟನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಟಪಾಲು ಕಚೇರಿಗೆ ತಾವೇ ಒಯ್ಯುತ್ತಿದ್ದರೆಂಬುದೂ, ಹಳೆಯ ಕೋಟಿನಲ್ಲಿಯೇ ವರ್ಷಗಳನ್ನು ಕಳೆದರೆಂಬುದೂ ನಾಡವರ ನೆನಪಿನಲ್ಲಿ ಉಳಿದಿವೆ. ಚಂದಾದಾರರ ಹಣದಿಂದ ಇಂತಹ ಪತ್ರಿಕೆಯ ವೆಚ್ಚವು ತೂಗುವಂತಿರಲಿಲ್ಲ. ವಕೀಲಿಯ ಗಳಿಕೆಯು ಮುದ್ರಣಾಲಯದ ಹೊಟ್ಟೆಗೆ ಹೋಗುತ್ತಿದ್ದಿತು. ಪತ್ರಿಕೆಯ ಕೆಲಸವು ಹೆಚ್ಚಿದಂತೆ ವಕೀಲಿಯೂ ಹಿಂದೆ ಬಿದ್ದಿತು. ಆದರೂ ಅವರು ಪತ್ರಿಕೆಯನ್ನು ನಿಲ್ಲಿಸಲಿಲ್ಲ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಶರಣರ ಮಾತನ್ನು ಅಚ್ಚು ಹಾಕಿದ ಕೈಯೇ ಅದನ್ನು ಆಚರಿಸಿಯೂ ತೋರಿಸಿತು.

ಅವರ ಸಂಪಾದನೆಯಲ್ಲಿ ಕೊರತೆಗಳೇ ಇರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಸಿಕ್ಕ ಓಲೆಗಳು ನಾಶವಾಗುವ ಮೊದಲೇ ಪ್ರಕಟಿಸಬೇಕೆಂಬ ಆತುರದಲ್ಲಿ ಎಲ್ಲ ಪ್ರತಿಗಳನ್ನೂ ಕೂಡಿಸಿ ಹೋಲಿಸಿ ಪಾಠಾಂತರಗಳನ್ನು ಗುರುತಿಸುವ ವಿರಾಮವು ಅವರಿಗೆ ದೊರೆಯಲಿಲ್ಲ. ವಿಷಯಾನುಸಾರವಾಗಿ ವಿಂಗಡಿಸಿದಾಗ ವಚನಗಳು ತಮ್ಮ ಮೂಲದ ಕ್ರಮದಿಂದ ಬೇರ್ಪಟ್ಟುದೂ ಉಂಟು. ಮುಂದಿನ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಆಧರಿಸಿ ಅನೇಕ ಪಾಠಗಳನ್ನು ತಿದ್ದಿದ್ದಾರೆ. ಆದರೆ ತಿದ್ದುವುದಕ್ಕೆ ಅಚ್ಚಿನಲ್ಲಿ ಒಂದು ಪಾಠವು ಕಣ್ಣೆದುರಿಗೆ ಇದ್ದುದು ಅವರ ದುಡಿಮೆಯಿಂದಲೇ. ಕಾಡನ್ನು ಕಡಿದು ಮೊದಲು ದಾರಿ ಮಾಡಿದವನ ಹಾದಿಯು ಅಲ್ಲಲ್ಲಿ ಡೊಂಕಾಗಿದ್ದರೆ, ಬಳಿಕ ಬಂದವರು ಅದನ್ನು ನೆಟ್ಟಗೆ ಮಾಡುವುದು ಲೋಕದ ರೀತಿ.

ಲೋಕಸೇವೆ

ಓಲೆಗಳ ನಡುವೆ ಮುಳುಗಿದ್ದರೂ ಹಳಕಟ್ಟಿಯವರು ಊರಿನ ಕಷ್ಟಸುಖಗಳಿಗೆ ಬೆನ್ನು ತಿರುಗಿಸಿದವರಲ್ಲ. ಬಿಜಾಪುರವು ಮೇಲಿಂದ ಮೇಲೆ ಬರಗಾಲದ ಬಾಯಿಗೆ ತುತ್ತಾಗುವ ಸೀಮೆ. ವಿದ್ಯೆಯಲ್ಲಿಯೂ ಆಗ ಹಿಂದುಳಿದುದು. ಊರಿನ ಮಹನೀಯರೊಡನೆ ಕೂಡಿ 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟುವುದರಲ್ಲಿ ಅವರು ಮುಂದಾಳುಗಳಾದರು. ಬಿ.ಎಲ್.ಡಿ.ಇ. ಎಂದು ಹೆಸರಾದ ಆ ಸಂಸ್ಥೆಯು ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳ ತಪಃಶಕ್ತಿಯನ್ನು ಪಡೆದು ಹೆಮ್ಮರವಾಗಿ ಬೆಳೆಯಿತು. ರೈತರೂ ಸಣ್ಣ ವ್ಯಾಪಾರಿಗಳೂ ಬಡ್ಡಿಯ ಬಲೆಯಿಂದ ಪಾರಾಗಲೆಂದು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಕಾರಣರಾದರು. ನಗರಸಭೆಯಲ್ಲಿ ದುಡಿದರು, ಮುಂಬಯಿಯ ಶಾಸನಸಭೆಯಲ್ಲಿಯೂ ಸದಸ್ಯರಾಗಿದ್ದರು. ಕನ್ನಡ ನಾಡಿನ ಏಕೀಕರಣದ ವಿಚಾರವನ್ನು ಜನರಿಗೆ ಮುಟ್ಟಿಸುವುದಕ್ಕಾಗಿ 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಆರಂಭಿಸಿದರು.

ಶಿವಾನುಭವವು ಹುಟ್ಟಿದ 1926ನೆಯ ವರ್ಷದಲ್ಲಿಯೇ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರಿಗೆ ಸಂದಿತು. ವೃತ್ತಿಯಿಂದ ಸಾಹಿತಿಯಲ್ಲದ ವಕೀಲರೊಬ್ಬರನ್ನು ನಾಡು ಆ ಪೀಠದಲ್ಲಿ ಕುಳ್ಳಿರಿಸಿದುದು ವಚನಸಾಹಿತ್ಯಕ್ಕೆ ದೊರೆತ ಮನ್ನಣೆಯೇ ಆಗಿದ್ದಿತು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ, ಕಲ್ಲಿನ ಗುಮ್ಮಟಕ್ಕಿಂತ ಮೊದಲು ವಚನಗಳ ಗುಮ್ಮಟವಾದ ಹಳಕಟ್ಟಿಯವರನ್ನು ಕಾಣಬಯಸಿದರೆಂಬ ಮಾತು ನಾಡಿನಲ್ಲಿ ಪ್ರಚಲಿತವಾಗಿದೆ. ಅಂದಿನ ಸರಕಾರವು ರಾವಸಾಹೇಬ, ರಾವಬಹಾದ್ದೂರ ಎಂಬ ಬಿರುದುಗಳನ್ನು ಕೊಟ್ಟಿತು. 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಅರ್ಪಿಸಿತು. ನಾಡಿನ ಜನರು ಪ್ರೀತಿಯಿಂದ ಕೊಟ್ಟ ವಚನಪಿತಾಮಹನೆಂಬ ಹೆಸರು ಮಾತ್ರ ಇವೆಲ್ಲವನ್ನೂ ಮೀರಿ ನಿಂತಿತು.

ಅಂತ್ಯಕಾಲ ಮತ್ತು ಫಲ

ಬಿರುದುಗಳು ಬಂದುವು, ಸನ್ಮಾನಗಳು ನಡೆದುವು. ಮನೆಯ ಬಡತನವು ಮಾತ್ರ ಹೋಗಲಿಲ್ಲ. ಮುಪ್ಪಿನ ದಿನಗಳನ್ನು ಅವರು ಬಾಡಿಗೆಯ ಮನೆಯಲ್ಲಿಯೇ ಕಳೆದರು. ಕಣ್ಣಿನ ಶಕ್ತಿಯನ್ನು ಓಲೆಗಳಿಗೂ ಕೈಯ ಶಕ್ತಿಯನ್ನು ಕರಡುಗಳಿಗೂ ಸವೆಯಿಸಿದ ಆ ಹಿರಿಯ ಜೀವವು 1964ನೆಯ ಇಸವಿಯ ಜೂನ್ 29ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಇನ್ನು ಮೂರೇ ದಿನಗಳಿರುವಾಗ, ಬಿಜಾಪುರದಲ್ಲಿ ಲಿಂಗೈಕ್ಯವಾಯಿತು. ಅವರು ಬಿಟ್ಟುಹೋದ ಆಸ್ತಿಯೆಂದರೆ ಅಚ್ಚಾದ ಪುಟಗಳು.

ಆ ಆಸ್ತಿಯು ಬೆಳೆದ ಬಗೆಯನ್ನು ನೋಡಬೇಕು. ಅವರು ಕಟ್ಟಿದ ವಿದ್ಯಾಸಂಸ್ಥೆಯು ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವನ್ನು ತೆರೆದು, ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಲ್ಲಿ ಪ್ರಕಟಿಸಿತು. 1993ರಲ್ಲಿ ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಾಗಿ ಹೊರತಂದಾಗ, ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಸೇರಿದ್ದುವು. ಇಂದು ಅದೇ ವಚನಗಳು ಗಣಕಯಂತ್ರದ ಮೂಲಕ ಅಂತರ್ಜಾಲವನ್ನು ಏರಿ, ಒಂದು ಶಬ್ದವನ್ನು ಹುಡುಕಿದ ಮಾತ್ರಕ್ಕೆ ಆ ಶಬ್ದವಿರುವ ವಚನಗಳೆಲ್ಲ ಕಣ್ಣೆದುರಿಗೆ ಬರುತ್ತಿವೆ. ಬನಹಟ್ಟಿಯ ಒಂದು ಮನೆಯಲ್ಲಿ ಬಿಚ್ಚಿದ ದಾರದ ಎಳೆಯು ಇಷ್ಟು ದೂರ ಬಂದಿದೆ.

ಆದರೆ ಹಗೇವುಗಳೆಲ್ಲವೂ ಬರಿದಾದುವೆಂದು ಯಾರೂ ತಿಳಿಯಬಾರದು. ಇಂದಿಗೂ ಜಗಲಿಯ ಮೂಲೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಿರುವ ಮನೆಗಳಿವೆ. ಹಳೆಯ ಬಿನ್ನವತ್ತಳೆಗಳೂ ಬಖೈರುಗಳೂ ಕಾಗದಪತ್ರಗಳೂ ಇರುವ ಮಠಗಳಿವೆ. ಪೂಜೆಯು ಅವುಗಳ ಮಾನವನ್ನು ಕಾಯಬಲ್ಲುದು. ಮಳೆಯಿಂದ, ಹುಳುವಿನಿಂದ, ಮರೆವಿನಿಂದ ಕಾಯಲಾರದು. ಓದಿ ತಿಳಿದು ನಾಲ್ಕು ಜನರ ಕೈಗೆ ಮುಟ್ಟಿಸಿದಾಗಲೇ ಅವು ಉಳಿದಂತೆ. ಅದಕ್ಕೆ ದೊಡ್ಡ ಪದವಿಯು ಬೇಕಿಲ್ಲ, ದೊಡ್ಡ ಧನವೂ ಬೇಕಿಲ್ಲ. ತಿಂಗಳಿಗೊಮ್ಮೆ ಕೂಡಿ ಒಂದು ಕಟ್ಟನ್ನು ಬಿಚ್ಚಿ ಓದುವ ಐದಾರು ಜನ ಭಕ್ತರು, ಓದಿದ್ದನ್ನು ಬರೆದಿಡುವ ಒಬ್ಬ ತರುಣ, ಬರೆದುದನ್ನು ಹತ್ತೂರಿಗೆ ಕಳಿಸುವ ಒಂದು ಸಣ್ಣ ಪತ್ರಿಕೆ ಇದ್ದರೆ ಸಾಕು. ಹಳಕಟ್ಟಿಯವರು ಒಂದು ಸೈಕಲ್ಲಿನ ಮೇಲೆ ಮಾಡಿದ ಕೆಲಸವು ಇಂದಿನ ಸಾಧನಗಳಿರುವ ತರುಣರಿಗೆ ಅಸಾಧ್ಯವಾಗಲಾರದು.

ಮಠದ ಈ ಮಹೋತ್ಸವದ ಶುಭಸಂದರ್ಭದಲ್ಲಿ ಆ ಕಾಯಕಯೋಗಿಯ ನೆನಪಿಗೆ ಸಲ್ಲಿಸಬಹುದಾದ ನಿಜವಾದ ಪತ್ರೆ ಪುಷ್ಪವು ಇದೇ. ಶಿಷ್ಯರೂ ಭಕ್ತರೂ ತಂತಮ್ಮ ಮನೆಗಳ ಕಟ್ಟುಗಳನ್ನು ಭಕ್ತಿಯಿಂದ ಬಿಚ್ಚಿ ಓದುವಂತಾಗಲಿ; ಕಂಡುದನ್ನು ಬಚ್ಚಿಡದೆ ಎಲ್ಲರೊಡನೆ ಹಂಚಿಕೊಳ್ಳುವ ಬುದ್ಧಿಯನ್ನು ಪರಶಿವನು ಸರ್ವರಿಗೂ ಕರುಣಿಸಲಿ. ಶುಭಂ ಭೂಯಾತ್.